ಕೊಟ್ರೇಶಿಯನ್ನು ನಾನು ಕ್ಷಮಿಸಿದ್ದು

ತಲೆ ಬೆಳ್ಳಗಾದ ಮೇಲೆ ನಮ್ಮ ಊರಲ್ಲಿ ತಪ್ಪು ಮಾಡುವುದು ಬಹಳ ಕಷ್ಟ. ಮಾಡಲು ಹೋದರೂ ಜನ ಬಿಡುವುದಿಲ್ಲ. ಸರದಿ ಮುರಿದು ಮುಂದೆ ನುಗ್ಗಿದರೆ ‘ಹಿರೇರು, ಹೋಗ್ಲಿ ಬಿಡ್ರಿ’ ಅನ್ನುತ್ತಾರೆ. ಮದುವೆ ಮನೆಯಲ್ಲಿ ಮೂರನೇ ಹೋಳಿಗೆ ಹಾಕಿಸಿಕೊಳ್ಳುತ್ತ ಸಕ್ಕರೆ ಕಾಯಿಲೆಯ ಬಗ್ಗೆ ಭಾಷಣ ಮಾಡಿದರೆ ‘ಅನುಭವಸ್ಥರು’ ಅನ್ನುತ್ತಾರೆ. ಹೀಗಾಗಿ, ದಾವಣಗೆರೆಯಲ್ಲಿ ನಲವತ್ತು ವರ್ಷ ಜವಳಿ ಅಂಗಡಿ ನಡೆಸಿ, ಈಗ ಎಪ್ಪತ್ತಾರರಲ್ಲಿ ನಿಜಲಿಂಗಪ್ಪ ಬಡಾವಣೆಯ ಮನೆಯಲ್ಲಿ ಕೂತಿರುವ ನಾನು, ಹೋದ ವರ್ಷ ಹಾಡಹಗಲಲ್ಲಿ ಒಬ್ಬ ಸೈಕಲ್ ಸವಾರನಿಗೆ ಕಾರು ಗುದ್ದಿದೆ. ಅವನ ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು. ನಾನು ಅಲ್ಲೇ, ರಸ್ತೆಯ ಮೇಲೆ, ಅವನನ್ನು ಕ್ಷಮಿಸಿಬಿಟ್ಟೆ.

ಹೇಗಾಯಿತು ಅಂತ ಹೇಳುತ್ತೇನೆ. ಆ ದಿನ ಬೆಳಿಗ್ಗೆ ಸಣ್ಣಗೆ ಮಳೆ ಹನಿಯುತ್ತಿತ್ತು. ಇಲ್ಲ, ತಡೆಯಿರಿ, ಮಳೆ ಇರಲಿಲ್ಲ. ಮಳೆ ಈ ಕಥೆಗೆ ಸೇರಿಕೊಂಡದ್ದು ನಾನು ಇದನ್ನು ಮೂರನೇ ಸಲ ಹೇಳುವಾಗ. ಬಿಸಿಲಿತ್ತು, ದಾವಣಗೆರೆಯ ಬಿಸಿಲು, ಎಲ್ಲವೂ ಕಾಣಬೇಕಾದಷ್ಟು ಬಿಸಿಲು. ಹೆಂಡತಿಯನ್ನು ಕೂರಿಸಿಕೊಂಡು ಹರಿಹರದ ನಾದಿನಿಯ ಮನೆಗೆ ಹೊರಟಿದ್ದೆ. ಕೆ.ಬಿ. ಬಡಾವಣೆಯ ತಿರುವಿನಲ್ಲಿ ಎಡಕ್ಕೆ ತಿರುಗಿಸಿದೆ. ಅಷ್ಟರಲ್ಲಿ ಸೈಕಲ್ಲು. ಅದು ಎಡದಿಂದ ಬಂತು ಅಂತ ಪೊಲೀಸಿನವನಿಗೆ ಹೇಳಿದ್ದೆ, ಬಲದಿಂದ ಬಂತು ಅಂತ ಷಡ್ಡಕನಿಗೆ ಹೇಳಿದ್ದೆ. ಇಬ್ಬರೂ ಸೇರಿ ಮಾತಾಡುವ ಸಂಭವ ಕಡಿಮೆ. ಒಂದು ಮಾತ್ರ ಖಚಿತ: ನಾನು ಹಾರ್ನ್ ಹೊಡೆದಿದ್ದೆ. ಓದುಗರು ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಮುಂದೆ ಹಿಡಿದುಕೊಳ್ಳಲು ಹೆಚ್ಚೇನೂ ಸಿಗುವುದಿಲ್ಲ.

ತಿರುವಿನಲ್ಲಿ ಹಾಲೇಶನ ಚಹಾದಂಗಡಿ ಇದೆ. ಅಲ್ಲಿ ಚಹಾ, ಮಂಡಕ್ಕಿ, ಮೆಣಸಿನಕಾಯಿ ಬೋಂಡಾ ಸಿಗುತ್ತವೆ, ಜೊತೆಗೆ ಯಾವ ಹೊತ್ತಿನಲ್ಲಾದರೂ ಹತ್ತು ಹನ್ನೆರಡು ನ್ಯಾಯಾಧೀಶರು ಸಿಗುತ್ತಾರೆ. ಅವರೆಲ್ಲ ಓಡಿ ಬಂದರು. ಬಂದವರು ಬಿದ್ದವನನ್ನು ದಾಟಿಕೊಂಡು ನನ್ನ ಹತ್ತಿರ ಬಂದರು. ಕಾರಿನಿಂದ ಇಳಿಸಿದರು. ಹಾಲೇಶ ಕೆಂಪು ಪ್ಲಾಸ್ಟಿಕ್ ಕುರ್ಚಿ ತಂದ. “ಕೂಡ್ರಿ ಯಜಮಾನ್ರೆ. ಗಾಬರಿ ಆಗ್ಬ್ಯಾಡ್ರಿ. ಏ, ಅಜ್ಜಾರಿಗೆ ಒಂದ್ ಸೋಡಾ ತರ್ರಿ.” ಸೋಡಾ ಬಂತು. ನನಗೆ ಏನೂ ಆಗಿರಲಿಲ್ಲ, ಆದರೆ ಅಷ್ಟು ಜನ ಗಾಳಿ ಹಾಕುವುದನ್ನು ನೋಡಿ ನನಗೇ ಏನೋ ಆಗಿರಬೇಕು ಅನ್ನಿಸತೊಡಗಿತು.

ಬಿದ್ದವನು ಎದ್ದು, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಎದುರಿಗೆ ಬಂದು ನಿಂತ. ಆಗಲೇ ಗೊತ್ತಾದದ್ದು, ಅವನು ನಮ್ಮ ಕೊಟ್ರೇಶಿ. ಹದಿನೆಂಟು ವರ್ಷದಿಂದ ವಾರಕ್ಕೆರಡು ಸಲ ಸೈಕಲ್ ಮೇಲೆ ನಮ್ಮ ಮನೆಗೆ ಬಂದು ನನ್ನ ಗಡ್ಡ ಮಾಡುವವನು. ನಮ್ಮ ಬಡಾವಣೆಯ ಆರೇಳು ಮುದುಕರ ಕೆನ್ನೆಗಳು ಅವನ ವಶದಲ್ಲಿವೆ. ಅವನ ಮರದ ಪೆಟ್ಟಿಗೆ ಒಡೆದು ಕತ್ತರಿ, ಬ್ರಷ್ಷು, ಪಟಿಕದ ಕಲ್ಲು ಎಲ್ಲ ರಸ್ತೆಯ ಮೇಲೆ ಹರಡಿದ್ದವು.

“ನೋಡ್ಕಂಡು ಸೈಕಲ್ ಹೊಡಿಯಕಾಗಲ್ಲೇನಪ್ಪ? ಈ ವಯಸ್ನಾಗೆ ಅವ್ರಿಗೆ ಏನಾದ್ರೂ ಆಗಿದ್ರೆ?” ಅಂದ ಹಾಲೇಶ. “ಯಜಮಾನ್ರಿಗೆ ಕೈ ಮುಗಿದು ತಪ್ಪಾತು ಅನ್ನು.”

ಕೊಟ್ರೇಶಿ ನನ್ನನ್ನು ನೋಡಿದ. ನಾನು ಸೋಡಾ ನೋಡಿದೆ. ಎರಡೂ ಕೈ ಎತ್ತಲು ಬಾರದೆ ಅವನು ಒಂದೇ ಕೈಯಲ್ಲಿ ಮುಗಿದು “ತಪ್ಪಾತ್ರಿ” ಅಂದ. ನಾನು “ಇರ್ಲಿ ಬಿಡು. ಇನ್ಮೇಲೆ ನೋಡ್ಕಂಡು ಹೋಗು” ಅಂದೆ. ಸುತ್ತ ನಿಂತವರಿಗೆ ನನ್ನ ಔದಾರ್ಯ ತುಂಬಾ ಹಿಡಿಸಿತು. ಆಸ್ಪತ್ರೆಯ ಖರ್ಚು ನಾನೇ ಕೊಟ್ಟಾಗಲಂತೂ ನಾನು ದೇವರಿಗಿಂತ ಎರಡು ಮೆಟ್ಟಿಲು ಕೆಳಗಿದ್ದೆ.

ಇಷ್ಟೆಲ್ಲ ನಡೆಯುವಾಗ ನನ್ನ ಹೆಂಡತಿ ಕಾರಿನಿಂದ ಇಳಿಯಲಿಲ್ಲ, ಮಾತೂ ಆಡಲಿಲ್ಲ. ಮನೆಗೆ ಬಂದ ಮೇಲೆ ಆಡಿದಳು. “ಸೈಕಲ್ ಐತೆ ನೋಡ್ರಿ ಅಂತ ಹೇಳಿದ್ನೋ ಇಲ್ಲೋ?”

“ಹೇಳಿದ್ದೆ.”

“ಕಾಣ್ತೈತೆ ಸುಮ್ನಿರು ಅಂದ್ರೋ ಇಲ್ಲೋ?”

“ಅಂದಿರಬಹುದು.”

“ಕಂಡಿತ್ತಾ?”

ಸಂಸಾರದಲ್ಲಿ ಕೆಲವು ಪ್ರಶ್ನೆಗಳಿಗೆ ಸ್ನಾನಕ್ಕೆ ಹೋಗುವುದೇ ಉತ್ತರ. ನಾನು ಹೋದೆ. ಕಣ್ಣಿನ ಪೊರೆ ತೆಗೆಸುವ ಮಾತು ಸಂಕ್ರಾಂತಿಯಿಂದ ಯುಗಾದಿಗೆ, ಯುಗಾದಿಯಿಂದ ದಸರೆಗೆ ಮುಂದೆ ಹೋಗುತ್ತಿತ್ತು ಅನ್ನುವುದನ್ನು ಇಲ್ಲಿ ಹೇಳಬೇಕಾದ ಅಗತ್ಯವಿಲ್ಲ.

ಮುಂದಿನ ಆರು ವಾರ ಕೊಟ್ರೇಶಿಯ ಕೈ ಪ್ಲಾಸ್ಟರ್ ಪಟ್ಟಿಯಲ್ಲಿತ್ತು. ಪಾರ್ಕಿನ ಕಲ್ಲುಬೆಂಚಿನ ಮೇಲೆ ನಾವು ಮುದುಕರು ದಿನೇ ದಿನೇ ಬೆಳ್ಳಗೆ ಚಿಗುರತೊಡಗಿದೆವು. ಸಲೂನಿಗೆ ಹೋಗಬಹುದಿತ್ತು. ಆದರೆ ಅಲ್ಲಿ ಕುರ್ಚಿ ಎತ್ತರ, ಹಾಡು ಅದಕ್ಕಿಂತ ಎತ್ತರ. ನನ್ನ ಅಪರಾಧದ ಸಾಕ್ಷ್ಯ ಏಳು ಗದ್ದಗಳ ಮೇಲೆ ಬೆಳೆಯುತ್ತಿತ್ತು. ಅದನ್ನು ಕೆರೆದುಕೊಳ್ಳುತ್ತ ಎಲ್ಲರೂ ಕೊಟ್ರೇಶಿಯನ್ನು ಬೈಯುತ್ತಿದ್ದರು. ನಾನು ಘಟನೆಯನ್ನು ಮತ್ತೆ ಮತ್ತೆ ಹೇಳುತ್ತಿದ್ದೆ. ಮೊದಲ ವಾರ ಸೈಕಲ್ ನಿಧಾನಕ್ಕೆ ಬರುತ್ತಿತ್ತು. ಎರಡನೇ ವಾರ ಅದರ ಬ್ರೇಕು ಹೋಯಿತು. ನಾಲ್ಕನೇ ವಾರ ಕೊಟ್ರೇಶಿ ಆಕಾಶ ನೋಡುತ್ತ ಬರತೊಡಗಿದ. ನಾನು ಸುಳ್ಳು ಹೇಳಲಿಲ್ಲ. ನೆನಪಿಸಿಕೊಂಡೆ, ಅಷ್ಟೆ.

ಪಟ್ಟಿ ಬಿಚ್ಚಿದ ಮೇಲೆ ಒಂದು ಬೆಳಿಗ್ಗೆ ಅವನೇ ಬಂದ. ಹೊಸ ಪೆಟ್ಟಿಗೆ ಮಾಡಿಸಿದ್ದ. ಒಳಗೆ ಕರೆದರೂ ಮೆಟ್ಟಿಲ ಮೇಲೇ ಕೂತ.

“ಯಜಮಾನ್ರೆ, ಕೈ ಸರಿ ಹೋತು. ಗಿರಾಕಿ ಹೋದ್ರು.”

“ಯಾಕೋ?”

“ಮೊನ್ನೆ ನಿಮ್ ಪಕ್ಕದ್ಮನೆ ಯಜಮಾನ್ರು ಅಂದ್ರು, ‘ಎದುರಿಗೆ ಬರೋ ಕಾರೇ ಕಾಣ್ಲಿಲ್ಲಂತೆ ನಿಂಗೆ, ನನ್ ಗಂಟ್ಲು ಹೆಂಗೆ ಕಾಣ್ತೈತಪ್ಪ?’ ನಂದು ಕತ್ತಿ ಹಿಡಿಯೋ ಕೆಲ್ಸ. ಕುರುಡ ಅನ್ನಿಸ್ಕಂಡ್ರೆ ಯಾರು ಕುತ್ತಿಗೆ ಕೊಡ್ತಾರ್ರಿ?”

ನಾನು ದುಡ್ಡಿನ ಮಾತೆತ್ತಿದೆ. ಅವನು ಬ್ಯಾಡ ಅಂದ. “ನನ್ ಕೈಲಿ ಎಲ್ಲಿ ತಪ್ಪಾತು ಅನ್ನಿಸಿದ್ರೋ, ಅಲ್ಲಿ ನಿಂತು ನೀವೊಂದು ಮಾತು ಹೇಳ್ರಿ. ಸಾಕು.”

ಆ ರಾತ್ರಿ ಊಟ ರುಚಿಸಲಿಲ್ಲ ಅಂತ ಬರೆದರೆ ಚೆನ್ನಾಗಿರುತ್ತದೆ. ರುಚಿಸಿತ್ತು, ಎರಡು ರೊಟ್ಟಿ ಹೆಚ್ಚೇ ತಿಂದಿದ್ದೆ. ಆದರೂ ಮಾರನೇ ದಿನ ಬೆಳಿಗ್ಗೆ ಅವನ ಜೊತೆ ಹಾಲೇಶನ ಅಂಗಡಿಗೆ ನಡೆದುಕೊಂಡೇ ಹೋದೆ. ನ್ಯಾಯಾಧೀಶರು ಹಾಜರಿದ್ದರು. ಕುರ್ಚಿ ಬಂತು. ಕೂರದೆ ನಿಂತೇ ಹೇಳಿದೆ: “ಅವತ್ತು ತಪ್ಪು ಕೊಟ್ರೇಶಿದಲ್ಲ. ಅವ್ನು ತನ್ನ ಪಾಡಿಗೆ ನೇರ ಹೊಂಟಿದ್ದ. ನಂಗೇ ಕಾಣ್ಲಿಲ್ಲ, ನಾನೇ ಗುದ್ದಿದೆ.”

ಹಾಲೇಶನ ಕಣ್ಣು ಒದ್ದೆಯಾದವು. “ನೋಡ್ರಪ್ಪ, ಇದಕ್ಕಂತಾರೆ ದೊಡ್ ಮನ್ಸು ಅಂತ. ಬಡವ ಬದುಕ್ಲಿ ಅಂತ ಅವ್ನ ತಪ್ಪನ್ನ ತಮ್ ಮೈಮ್ಯಾಲೆ ಹಾಕ್ಕಂತಾರೆ. ಏ ಕೊಟ್ರೇಶಿ, ಕಾಲಿಗೆ ಬೀಳು.”

ನಾನು ಅಲ್ಲ ಅಂದೆ, ನಿಜವಾಗಿ ಅಂದೆ, ಆಣೆ ಮಾಡಿದೆ. ನಾನು ಹೇಳಿದಷ್ಟೂ ದೊಡ್ಡವನಾಗುತ್ತ ಹೋದೆ. ಒಬ್ಬರಂತೂ ನನ್ನ ಹೆಸರನ್ನು ಯಾವುದೋ ಸನ್ಮಾನಕ್ಕೆ ಸೂಚಿಸುವ ಮಾತಾಡಿದರು. ನಿಜ ಹೇಳಬೇಕೆಂದರೆ, ಅಷ್ಟು ಹೊತ್ತಿಗೆ ನನಗೂ ಅನುಮಾನ ಬರತೊಡಗಿತ್ತು. ಇಷ್ಟು ಒಳ್ಳೆಯವನು ಗುದ್ದಿರಲು ಸಾಧ್ಯವೇ?

ಕೊಟ್ರೇಶಿ ಕಾಲಿಗೆ ಬೀಳಲಿಲ್ಲ. ರಸ್ತೆಯ ಆಚೆ ಬದಿಗೆ ಕೈ ತೋರಿಸಿದ. “ಯಜಮಾನ್ರೆ, ಅಲ್ಲಿ ಎದುರಿಗೆ ಬೋರ್ಡ್ ಐತಲ್ರಿ. ಏನ್ ಬರ್ದೈತೆ, ಸ್ವಲ್ಪ ಓದ್ರಿ.”

ಇದೇನು ಮಹಾ. ನಲವತ್ತು ವರ್ಷ ಓಡಾಡಿದ ದಾರಿ. ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ ಓದಿದೆ: “ಹಿಟ್ಟಿನ ಗಿರಣಿ. ಇಲ್ಲಿ ಖಾರದಪುಡಿಯನ್ನೂ ಬೀಸಿಕೊಡಲಾಗುವುದು.”

ಬೋಂಡಾ ಎಣ್ಣೆಯಲ್ಲಿ ಚುರುಗುಟ್ಟುವುದು ಕೇಳಿಸುತ್ತಿತ್ತು.

“ಅಜ್ಜಾರೆ,” ಅಂದ ಹಾಲೇಶ ಮೆಲ್ಲಗೆ, “ಗಿರಣಿ ಮುಚ್ಚಿ ನಾಕು ವರ್ಷ ಆತು. ಅದು ಜಿಮ್ಮು.”

ಆಮೇಲೆ ಹತ್ತಿರ ಹೋಗಿ ನೋಡಿದೆ. ಬೋರ್ಡಿನ ತುಂಬ ಎಂಟು ಅಡಿ ಎತ್ತರದ ಬರಿಮೈ ಗಂಡಸು ತೋಳು ಉಬ್ಬಿಸಿಕೊಂಡು ನಿಂತಿದ್ದಾನೆ. ಎಂಟು ಅಡಿಯ ಬರಿಮೈಯವನೇ ಕಾಣದವನಿಗೆ ಅಂಗಿ ತೊಟ್ಟ ಐದೂಕಾಲು ಅಡಿಯ ಕೊಟ್ರೇಶಿ ಹೇಗೆ ಕಂಡಾನು? ನಾನು ಕಾರು ಓಡಿಸುತ್ತಿದ್ದದ್ದು ನೆನಪಿನ ದಾವಣಗೆರೆಯಲ್ಲಿ. ಅಲ್ಲಿ ಗಿರಣಿ ಇನ್ನೂ ತಿರುಗುತ್ತಿತ್ತು, ತಿರುವಿನಲ್ಲಿ ಸೈಕಲ್ ಇರಲಿಲ್ಲ. ಕೊಟ್ರೇಶಿ ಮಾತ್ರ ಈ ದಾವಣಗೆರೆಯಲ್ಲಿ ಬರುತ್ತಿದ್ದ, ಮೂಳೆ ಸಮೇತ.

ಹಾಲೇಶ ಕುರ್ಚಿಯನ್ನು ನನ್ನ ಹಿಂದಿನಿಂದ ಎಳೆದು ಕೊಟ್ರೇಶಿಯ ಮುಂದಿಟ್ಟ. “ಕೂಡ್ರಪ್ಪ,” ಅಂದ. “ಅವತ್ತು ನಂದೂ ತಪ್ಪೈತೆ.” ನ್ಯಾಯಾಧೀಶರಲ್ಲಿ ಇಬ್ಬರು ಚಹಾದ ಲೋಟದೊಳಗೆ ಏನೋ ಹುಡುಕತೊಡಗಿದರು.

“ಕುರ್ಚಿ ನಂಗ್ಯಾಕ್ರಿ, ಗಿರಾಕಿಗೆ ಬೇಕು,” ಅಂದ ಕೊಟ್ರೇಶಿ. ನನ್ನನ್ನು ಕೂರಿಸಿ, ಕೊರಳಿಗೆ ಟವೆಲ್ ಸುತ್ತಿ, ಪೆಟ್ಟಿಗೆ ತೆರೆದ. ಅದೇ ತಿರುವಿನಲ್ಲಿ, ಅಷ್ಟು ಜನರ ಎದುರಿಗೆ, ಆರು ವಾರದ ಗಡ್ಡವನ್ನು ಒಂದು ಗೀರೂ ಬೀಳದ ಹಾಗೆ ತೆಗೆದ. ಮುಗಿಯುವ ಹೊತ್ತಿಗೆ ಹಾಲೇಶ ತನ್ನ ಗದ್ದ ಸವರಿಕೊಳ್ಳುತ್ತ “ನಂದೂ ಒಂದ್ ಕೈ ನೋಡಪ್ಪ” ಅಂದ. ವಾರದೊಳಗೆ ಪಾರ್ಕಿನ ಬೆಂಚು ಮೊದಲಿನಂತೆ ಹೊಳೆಯತೊಡಗಿತು. ಎಡ ಬಲ ಎರಡನ್ನೂ ಹೇಳಿದ್ದ ನಾನು ಪೊಲೀಸಿನವನ ಹತ್ತಿರ ಹೋಗಿ ನಿಜವಾದ ಮೂರನೆಯದನ್ನು ಬರೆದು ಸಹಿ ಹಾಕಿದೆ. ಕಾರು ಮಾರಿದೆವು. ಈಗ ಹರಿಹರಕ್ಕೆ ಬಸ್ಸು. ಹೆಂಡತಿ ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಬೋರ್ಡು ತೋರಿಸಿ ಓದಿಸುತ್ತಾಳೆ. ಒಂದು ಕಣ್ಣಿನ ಪೊರೆ ತೆಗೆಸಿದ್ದೇನೆ. ಇನ್ನೊಂದಕ್ಕೆ ದಸರೆ ಕಳೆಯಲಿ.

ಇಷ್ಟನ್ನು ಬರೆದು, ಇವತ್ತು ಗಡ್ಡಕ್ಕೆ ನೊರೆ ಹಚ್ಚಿಸಿಕೊಳ್ಳುವಾಗ ಕೊಟ್ರೇಶಿಗೆ ಓದಿ ಹೇಳಿದೆ. ಸಾವಧಾನವಾಗಿ ಕೇಳಿದ. ಕತ್ತಿಯನ್ನು ಒರೆಸಿ, ಗಂಟಲ ಮೇಲಿಟ್ಟು, “ಎಲ್ಲಾ ಸರಿ ಐತ್ರಿ. ಒಂದೇ,” ಅಂದ. “ಹಾರ್ನ್ ಹೊಡಿಲಿಲ್ಲ ನೀವು.”

ಅಡುಗೆಮನೆಯಿಂದ ಹೆಂಡತಿಯ ದನಿ ಬಂತು. “ಎಲ್ಲಿಂದ ಹೊಡೀತಾರಪ್ಪ? ಆ ಹಾರ್ನ್ ಕೆಟ್ಟು ಎರಡು ವರ್ಷ ಆಗಿತ್ತು.”

ಗಂಟಲ ಮೇಲೆ ಕತ್ತಿ ಇರುವಾಗ ತಲೆ ಅಲ್ಲಾಡಿಸುವ ಹಾಗಿಲ್ಲ, ಹಾಗಾಗಿ ಒಪ್ಪಿಕೊಂಡಂತಾಯಿತು. ಆದರೂ ಮೇಲಿನ ಆ ಸಾಲನ್ನು ಹೊಡೆದುಹಾಕಲು ಕೈ ಬರುತ್ತಿಲ್ಲ. ಆ ಸದ್ದು ನನಗೆ ಈಗಲೂ ಸ್ಪಷ್ಟವಾಗಿ ಕೇಳಿಸುತ್ತದೆ.