ನೆಟ್ಟಗಿದ್ದ ವಿಮಾನ

ವಿಮಾನ ಹಾರಿಸುವುದನ್ನು ಕಲಿಸುವ ಆ ಶಾಲೆಯಲ್ಲಿ ಅವನಿಗೆ ಸಿಡುಕ ಎಂದೇ ಹೆಸರು. ಅವತ್ತಿನ ಸಿಡುಕಿಗೆ ಕಾರಣವೂ ಇತ್ತು. ವಾಲಿದ ವಿಮಾನವನ್ನು ನೆಟ್ಟಗೆ ಮಾಡುವ ಪರೀಕ್ಷೆಯಲ್ಲಿ ಆಗಲೇ ಎರಡು ಸಲ, ಎರಡೂ ಸಲ ಮೊದಲ ಸುತ್ತಿನಲ್ಲೇ, ಡುಮ್ಕಿ ಹೊಡೆದಿದ್ದ. "ಈ ಸಲವೂ ಹೋದ್ರೆ ಬಂದು ನಮ್ಮ ಸಿಮೆಂಟ್ ಅಂಗಡೀಲಿ ಕೂತ್ಕೊಳ್ಳಿ, ಅಳಿಯಂದಿರೇ," ಎಂದು ಮಾವ ಬೆಳಿಗ್ಗೆಯೇ ಫೋನು ಮಾಡಿ ಹರಸಿದ್ದರು.

"ಇದೆಂಥಾ ಪರೀಕ್ಷೆ!" ಎಂದು ಸಿಡುಕ ಕ್ಯಾಂಟೀನಿನ ಮೇಜು ಗುದ್ದಿದ. "ಕಿಟಕಿ ಆಚೆ ಕಾಣದ ಹಾಗೆ ಹಣೆಗೆ ಮರೆ ಕಟ್ಟಿ ನಮ್ಮ ಕಣ್ಣು ಮುಚ್ಚಿಸೋದು, ಮಾಸ್ತರು ವಿಮಾನಾನ ಸೊಟ್ಟ ಮಾಡೋದು, ಆಮೇಲೆ 'ಕಣ್ಣು ಬಿಡು, ಸರಿಮಾಡು' ಅನ್ನೋದು! ಕೆಡಿಸಿದವರೇ ಸರಿಮಾಡ್ಬೇಕಪ್ಪ!"

ದೊಡ್ಡಣ್ಣ ಚಹಾದ ಲೋಟ ಹಿಡಿದು ಪಕ್ಕಕ್ಕೆ ಬಂದು ಕೂತ. ಶಾಲೆಯ ಹಳೇ ಹುಲಿ ಅವನು. ತಾನು ಎಷ್ಟನೇ ಪಾಠದಲ್ಲಿದ್ದೇನೆಂದು ಯಾರಿಗೂ ಹೇಳಿದವನಲ್ಲ, ಉಳಿದವರಿಗೆಲ್ಲ ಪಾಠ ಹೇಳದೆ ಬಿಟ್ಟವನೂ ಅಲ್ಲ.

"ಮಾಸ್ತರದ್ದು ಯಾವಾಗ್ಲೂ ಒಂದೇ ಪದ್ಧತಿ ಕಣೋ, ಪರೀಕ್ಷೆಗೆ ಮೂರು ಸುತ್ತು. ಮೊದಲು ಮೂತಿ ಮೇಲೆ. ಎರಡನೇ ಸಲ ಬಲಕ್ಕೆ. ಮೂರನೇ ಸಲ ಎಡಕ್ಕೆ ವಾಲಿಸಿ ಕೆಳಕ್ಕೆ ನೂಕ್ತಾರೆ. ನಾನೇ ಅನುಭವಿಸಿದೀನಿ. ಎತ್ತ ವಾಲಿದೆ ಅಂತ ತೋರಿಸೋ ಆ ಮೀಟರು ನೋಡ್ತಾ ಕೂತ್ರೆ ಕೆಟ್ಟೆ. ಬಾಯಿಪಾಠ ಮಾಡ್ಕೊ."

ಸಿಡುಕ ಬಾಯಿಪಾಠ ಮಾಡಿದ.

ಮೇಲೆ ಹೋದಾಗ ಮೊದಲೆರಡು ಸಲ ದೊಡ್ಡಣ್ಣ ಹೇಳಿದಂತೆಯೇ ಆಯಿತು. ಸಿಡುಕನಿಗೆ ಆನೆಬಲ ಬಂತು. ಮೂರನೇ ಸಲ ಕಣ್ಣು ಮುಚ್ಚಿ ತಲೆ ತಗ್ಗಿಸಿದ. ಮಾಸ್ತರು ಅತ್ತ ಇತ್ತ ಬಹಳ ಹೊತ್ತು ತಿರುಗಿಸಿದರು. ಹೊಟ್ಟೆಯೂ ಎಡಕ್ಕೇ ಎಂದಿತು.

"ಹ್ಞೂಂ, ಈಗ ನಿನ್ನದು!"

ಸಿಡುಕ ಮೀಟರು ನೋಡದೆ ಎಂಜಿನ್ ತಗ್ಗಿಸಿ, ಬಲಕ್ಕೆ ಹೊರಳಿಸಿ, ಮೂತಿ ಮೇಲಕ್ಕೆಳೆದ. ವಿಮಾನ ಮಲಗಿದ್ದ ಎಮ್ಮೆಯನ್ನು ಒದ್ದು ಎಬ್ಬಿಸಿದಂತೆ ಎದ್ದು, ಬಲಕ್ಕೆ ಮಗುಚಿ, ಕೆಳಕ್ಕೆ ಧುಮುಕಿತು. ಮಾಸ್ತರ ಕನ್ನಡಕ ಹಾರಿ ಚಾವಣಿಗೆ ಬಡಿಯಿತು. ಆಗ ಸಿಡುಕ ಮೀಟರು ನೋಡಿದ. ರೆಕ್ಕೆ ಸಮ ಮಾಡಿ, ನಿಧಾನವಾಗಿ ಮೂತಿ ಎತ್ತಿದ. ವಿಮಾನ ನೆಟ್ಟಗಾಯಿತು.

"ಏನಯ್ಯಾ ಇದು?" ಮಾಸ್ತರು ಕೂಗಿದರು.

"ನೀವೇ ತಾನೆ ಎಡಕ್ಕೆ ವಾಲಿಸಿದ್ದು?"

"ಮೂರನೇ ಸಲ ನಾನು ನೆಟ್ಟಗೇ ಇಟ್ಟು ಕೊಡ್ತೀನಿ. ಮೀಟರು ನಂಬ್ತೀಯೋ, ಹೊಟ್ಟೆ ನಂಬ್ತೀಯೋ ಅಂತ ನೋಡೋಕೆ!"

ಸಿಡುಕನಿಗೆ ಮೈಯೆಲ್ಲ ಉರಿಯಿತು. "ಇದು ಅನ್ಯಾಯ ಸಾರ್! ನೆಟ್ಟಗಿರೋದನ್ನ ಸರಿಮಾಡು ಅಂದ್ರೆ? ಆದ್ರೂ ಸರಿಮಾಡಿದೆನೋ ಇಲ್ವೋ?"

ಮಾಸ್ತರು ಬೆವರು ಒರೆಸಿಕೊಂಡರು. "ಮಾಡಿದೆ. ಅಷ್ಟು ಚೆನ್ನಾಗಿ ಯಾರೂ ಮಾಡಿಲ್ಲ. ಪಾಸ್."

ಕೆಳಗಿಳಿದವನೇ ಮಾವನಿಗೆ ಫೋನು ಮಾಡಿ, "ಸಿಮೆಂಟು ನೀವೇ ಮಾರ್ಕೊಳ್ಳಿ!" ಎಂದು ಪಟ್ಟನೆ ಇಟ್ಟ. ಅಷ್ಟರಲ್ಲಿ ಮಾಸ್ತರು ಹಿಂದೆ ಬಂದು ನಿಂತಿದ್ದರು.

"ಸರಿಮಾಡೋ ಪಾಠ ಪಾಸು. ನೆಟ್ಟಗಿರೋ ವಿಮಾನಾನ ನೆಟ್ಟಗೇ ಇಡೋದು ಇದೆಯಲ್ಲ, ಅದು ಮೊದಲನೇ ಪಾಠ. ಅದರಲ್ಲಿ ಫೇಲು. ಹೊಸಬರ ಕ್ಲಾಸು ಈಗ ಶುರುವಾಗತ್ತೆ, ಹೋಗಿ ಕೂತ್ಕೊ. ಕೆಡಿಸಿದವರೇ ಸರಿಮಾಡ್ಬೇಕು ಅಂತ ಕ್ಯಾಂಟೀನಿನಾಚೆಗೂ ಕೇಳೋ ಹಾಗೆ ಕೂಗ್ತಿದ್ದೆಯಲ್ಲ?"

ಹಲ್ಲು ಕಡಿಯುತ್ತ ಸಿಡುಕ ಕ್ಲಾಸಿನ ಬಾಗಿಲು ನೂಕಿದ. ಮೊದಲ ಬೆಂಚಿನಲ್ಲಿದ್ದ ದೊಡ್ಡಣ್ಣ ಸರಿದು ಜಾಗ ಬಿಟ್ಟ.

"ಬಾರೋ. ನಿನಗೂ ನೆಟ್ಟಗಿತ್ತು ಅಂದ್ರಾ? ನಂಬಬೇಡ. ನನ್ನ ಹೊಟ್ಟೆ ಯಾವತ್ತೂ ಸುಳ್ಳು ಹೇಳಲ್ಲ. ಎಡಕ್ಕೇ ವಾಲಿತ್ತು!"