ಕಿವಿಯಿಲ್ಲದ ಬಾವಿ

ಪ್ರಭುದೇವನ ಆವತ್ತಿನ ಪಾಡಿಗೆಲ್ಲ ಕಾರಣ ಗೂಳೂರಿನ ಅವನ ಅಜ್ಜಿ. ಅಜ್ಜಿ ತೀರಿಕೊಂಡು ಇಪ್ಪತ್ತು ವರ್ಷವಾಗಿದ್ದರೂ ಕಾರಣ ಅವಳೇ. ಕಂಡ ಕನಸನ್ನು ಹೊಟ್ಟೆಯಲ್ಲಿ ಇಟ್ಟುಕೊಂಡರೆ ದಿನವೆಲ್ಲ ತಲೆ ಭಾರ, ಕಿವಿ ಇರುವವರಿಗೆ ಹೇಳಿದರೆ ಜಗಳ, ಹಾಳುಬಾವಿಗೆ ಬಗ್ಗಿ ಹೇಳಿ ಬಂದುಬಿಡಬೇಕು ಎಂದು ಅವಳು ಅಭ್ಯಾಸ ಮಾಡಿಸಿದ್ದಳು. ಹುಡುಗ ಬೆಳಗ್ಗೆ ಎದ್ದವನೇ ಹೊಲದ ಹಾಳುಬಾವಿಗೆ ಓಡುತ್ತಿದ್ದ. ಬಾವಿ ಎಲ್ಲವನ್ನೂ ಕೇಳಿಕೊಂಡು ತಣ್ಣಗೆ ಸುಮ್ಮನಿರುತ್ತಿತ್ತು.

ಈಗ ಅವನಿಗೆ ನಲವತ್ತಮೂರು. ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಹಾಳುಬಾವಿ ಎಲ್ಲಿಂದ ಬರಬೇಕು? ಹೆಂಡತಿ ರೂಪಶ್ರೀಗೆ ಹೇಳೋಣವೆಂದು ಅಡುಗೆಮನೆಗೆ ಹೋದರೆ ಅವಳು ಒಗ್ಗರಣೆಯ ಕಡೆಯಿಂದ ತಲೆ ಎತ್ತದೆ, "ಮೊದ್ಲು ಮುಖ ತೊಳ್ಕೊಂಡ್ ಬನ್ನಿ" ಅನ್ನುತ್ತಿದ್ದಳು. ಮುಖ ತೊಳೆದು ಬರುವಷ್ಟರಲ್ಲಿ ಅರ್ಧ ಕನಸು ನೀರಿನ ಜೊತೆ ಹೋಗಿರುತ್ತಿತ್ತು.

ಅವನದು ಪ್ರಭು ಗ್ರಾಫಿಕ್ಸ್ ಎಂಬ ಅಂಗಡಿ. ಲಗ್ನಪತ್ರಿಕೆ, ಜೆರಾಕ್ಸ್, ಲ್ಯಾಮಿನೇಷನ್, ಫ್ಲೆಕ್ಸ್. ಎಲ್ಲರೂ ಮಾಡಿಸುತ್ತಾರೆಂದು ಅವನೂ ಅಂಗಡಿಗೊಂದು ವೆಬ್‌ಸೈಟ್ ಮಾಡಿಕೊಂಡಿದ್ದ. ಅದಕ್ಕೆ ತಿಂಗಳಿಗೆ ಮೂರು ಜನ ಬಂದರೆ ಅದರಲ್ಲಿ ಇಬ್ಬರು ಅವನೇ. ಒಂದು ದಿನ, ಇದಕ್ಕಿಂತ ಒಳ್ಳೆಯ ಹಾಳುಬಾವಿ ಇನ್ನೆಲ್ಲಿ ಸಿಕ್ಕೀತು ಎಂದು ಅವನಿಗೆ ಹೊಳೆಯಿತು. ಅವತ್ತಿನಿಂದ ಅಂಗಡಿಯ ಬಾಗಿಲು ತೆಗೆದು ಊದುಬತ್ತಿ ಹಚ್ಚಿ, ಮೊದಲು ರಾತ್ರಿಯ ಕನಸನ್ನು ಅದಕ್ಕೆ ಹೇಳಿ ಆಮೇಲೆ ವ್ಯಾಪಾರ. ನಾಲ್ಕು ವರ್ಷದಲ್ಲಿ ಒಂಬೈನೂರು ಕನಸು ತುಂಬಿದವು.

ಲಗ್ನಪತ್ರಿಕೆ ಮಾಡಿ ಮಾಡಿ ಪಳಗಿದ ಕೈ ಅದು. ಹೆಸರು ಪೂರ್ತಿ ಇರಬೇಕು, ಊರು ಇರಬೇಕು, ಯಾವುದರ ಎದುರು ಎನ್ನುವುದೂ ಇರಬೇಕು. ಯಾರೋ ಒಬ್ಬ ಹೆಂಗಸು ಎಂದು ಬರೆಯಲು ಅವನಿಗೆ ಬರುತ್ತಲೇ ಇರಲಿಲ್ಲ. "ತುಮಕೂರು ಟೌನ್, ಉಪ್ಪಾರಹಳ್ಳಿ, ಅರಳಿಮರದ ಎದುರು ಇರುವ ಶ್ರೀಮತಿ ಮಹಾಲಕ್ಷ್ಮಮ್ಮ ಹಾಗೂ ದಿವಂಗತ ಶಿವರಾಮಯ್ಯನವರ ಸ್ವಗೃಹದ ತಾರಸಿಯಲ್ಲಿ ಒಂದು ಕೆರೆ ಇರುತ್ತದೆ" ಎಂದೇ ಶುರು. ಇದು ಕನಸು ಎಂದು ಎಲ್ಲೂ ಹಾಕುತ್ತಿರಲಿಲ್ಲ. ಬಾವಿಗೆ ಅದು ಗೊತ್ತೇ ಇದೆಯಲ್ಲ.

ಹೀಗಿರುವಾಗ ಸರ್ಚ್ ಬದಲಾಯಿತು. ಮೊದಲೆಲ್ಲ ಫೋನಿನಲ್ಲಿ ಏನಾದರೂ ಹುಡುಕಿದರೆ ಇಂಥಿಂಥ ವೆಬ್‌ಸೈಟಿನಲ್ಲಿ ಇದೆ, ಹೋಗಿ ನೋಡಿ ಎಂದು ಪಟ್ಟಿ ಕೊಡುತ್ತಿತ್ತು. ಈಗ ಅದೇ ಎಲ್ಲ ಕಡೆ ಹೋಗಿ ಓದಿಕೊಂಡು ಬಂದು, ಎಲ್ಲಿಂದ ತಂದೆ ಎಂದೂ ಹೇಳದೆ, ಉತ್ತರವನ್ನು ಬಾಯಿಗೇ ಇಡತೊಡಗಿತು. ಉಪ್ಪಾರಹಳ್ಳಿಯ ಮಹಾಲಕ್ಷ್ಮಮ್ಮ ಯಾರು, ಗುಬ್ಬಿಯ ಭೀಮರಾಜ್ ಯಾರು ಎಂದು ಹೆಸರು, ಊರು, ಗುರುತಿನ ಸಮೇತ ಬರೆದಿದ್ದವನು ಪ್ರಪಂಚದಲ್ಲಿ ಪ್ರಭುದೇವ ಒಬ್ಬನೇ. ಅದು ಪೂರಾ ನಂಬಿಬಿಟ್ಟಿತು.

ಆ ಮಂಗಳವಾರ ಹತ್ತು ಗಂಟೆಗೆ ಮಹಾಲಕ್ಷ್ಮಮ್ಮ ಫೋನ್ ಹಿಡಿದುಕೊಂಡು ಅಂಗಡಿಗೆ ಬಂದರು. ಅಂಗಡಿ ಇರುವುದೇ ಅವರ ಮನೆಯ ಕೆಳಗೆ, ಹನ್ನೊಂದು ವರ್ಷದಿಂದ. ಮಹಡಿ ಮನೆಗೆ ಬಾಡಿಗೆಗೆ ಬರಬೇಕಿದ್ದ ಕುಣಿಗಲ್ಲಿನ ಬ್ಯಾಂಕ್ ನೌಕರ ರಂಗನಾಥ್ ಬೆಳಗ್ಗೆ ಫೋನ್ ಮಾಡಿ, ನಿಮ್ಮ ತಾರಸಿಯಲ್ಲಿ ಕೆರೆ ಇದೆಯಂತೆ, ನಮ್ಮ ಮಕ್ಕಳಿಗೆ ಈಜು ಬರೋದಿಲ್ಲ, ಬೇರೆ ಮನೆ ನೋಡಿಕೊಂಡೆವು ಎಂದನಂತೆ. ಮನೆಯ ಮೂಲಪತ್ರ ಕಾಣೆಯಾಗಿ ಮೂರು ವರ್ಷದಿಂದ ಆಫೀಸು ಆಫೀಸು ಅಲೆಯುತ್ತಿದ್ದೇನೆ, ಅದರ ಮೇಲೆ ಇದು ಬೇರೆ ಎಂದು ಅವರು ಸೆರಗಿನಿಂದ ಗಾಳಿ ಹಾಕಿಕೊಂಡರು. ತಾರಸಿಯಲ್ಲಿ ಅವರು ಹಪ್ಪಳ ಒಣಹಾಕುವುದನ್ನೂ ಫೋನು ಹೇಳಿತ್ತು. ಅದು ನಿಜವಾಗಿದ್ದರಿಂದಲೇ ಅವರಿಗೆ ಇನ್ನೂ ಭಯ.

"ನಮ್ಮನೆ ತಾರಸಿ ವಿಷ್ಯ ಊರೋರಿಗೆಲ್ಲ ಯಾಕಪ್ಪ ಬೇಕು?" ಎಂದರು ಮಹಾಲಕ್ಷ್ಮಮ್ಮ. "ಕಂಪ್ಯೂಟ್ರು ಗೊತ್ತಿರೋನು ನೀನೊಬ್ನೆ. ಬರ್ದೋನು ಯಾರು ಅಂತ ಸಂಜೆ ಒಳ್ಗೆ ಕಂಡ್‌ಹಿಡ್ಕೊಡು. ನನ್ನ ಬಾಡಿಗೆದಾರನೇ ಆಗಿದ್ರೂ ಸರಿ, ಅವತ್ತೇ ಬೀಗ ಜಡೀತೀನಿ."

ಪ್ರಭುದೇವ ಆಗಲಿ ಅಮ್ಮ ಎಂದ. ಅಂಗಡಿ ಹೋದರೆ ಹೊಟ್ಟೆಪಾಡು ಹೋಯಿತು, ಅಷ್ಟೇ ಅಲ್ಲ, ಆ ಅರಳಿಮರದ ನೆರಳು, ಮಧ್ಯಾಹ್ನದ ತೂಕಡಿಕೆ, ಎಲ್ಲ ಹೋಯಿತು.

ಅವರು ಮೆಟ್ಟಿಲು ಹತ್ತುತ್ತಿದ್ದಂತೆ ಪಕ್ಕದ ಅಂಗಡಿಯ ಟೈಲರ್ ಜಹೀರ್ ಅಹಮದ್ ಕೊರಳಿಗೆ ಟೇಪು ಹಾಕಿಕೊಂಡೇ ಬಂದ. ಆರಡಿ ಆರಂಗುಲದ ಒಬ್ಬ ಆಸಾಮಿ ಶಿರಾ ಕಡೆಯಿಂದ ಹುಡುಕಿಕೊಂಡು ಬಂದು ಕೋಟಿಗೆ ಅಳತೆ ಕೊಟ್ಟು ಹೋಗಿದ್ದ. ಜಹೀರ್ ಅಹಮದ್ ದೊಡ್ಡ ಮೈಕಟ್ಟಿನವರಿಗೆ ಹೊಲಿಯುವುದರಲ್ಲಿ ಹೆಸರುವಾಸಿ, ಆಕಾಶದ ಚಂದ್ರನಿಗೂ ಹೊಲಿದಿದ್ದಾರೆ, ಕಂಕುಳಲ್ಲಿ ಮಾತ್ರ ಸ್ವಲ್ಪ ಬಿಗಿ ಎಂಬ ದೂರಿದೆ, ಹೀಗೆಂದು ಫೋನು ಹೇಳಿತಂತೆ.

"ಚಂದ್ರನ ಕೋಟಿನ ಕನಸು ಟೀ ಕುಡೀತಾ ನೀನೇ ಹೇಳಿದ್ದೆ ಪ್ರಭಣ್ಣ," ಎಂದ ಜಹೀರ್ ಮೆಲ್ಲಗೆ. "ನಾನು ಯಾರಿಗೂ ಹೇಳಲ್ಲ. ನನಗೆ ಗಿರಾಕಿ ಬಂದ. ಆದ್ರೆ ಬಿಗಿ ಅಂತ ಯಾಕೆ ಬರ್ದೆ?"

ಕನಸಿನಲ್ಲಿ ಚಂದ್ರನೇ ಹಾಗಂದ ಎಂದು ಪ್ರಭುದೇವ ಹೇಳಿದ. ಜಹೀರನಿಗೆ ಬೇಜಾರಾಯಿತು. ಆದರೂ ಗೆಳೆಯ, ಎಲ್ಲ ಅಳಿಸಿಹಾಕಿಬಿಡು ಎಂದು ಬುದ್ಧಿ ಹೇಳಿ ಹೋದ.

ಅಳಿಸಲು ಕೂತರೆ ಗುಬ್ಬಿಯ ಭೀಮರಾಜ್ ಬಂದು ನಿಂತ. ಗುಬ್ಬಿಯಲ್ಲಿ ಅವನದು ಇಡ್ಲಿ ಹೋಟೆಲು, ಮೆನು ಕಾರ್ಡು ಮಾಡಿಕೊಟ್ಟವನು ಪ್ರಭುದೇವನೇ. ಮೂರು ವಾರದಿಂದ ಮಂಗಳವಾರ ನೊಣವೂ ಬರುತ್ತಿಲ್ಲ, ಕಾರಣ ಹುಡುಕಿದರೆ, ಮಂಗಳವಾರ ಇಡ್ಲಿಗಳು ಹಾರಿಹೋಗುವುದರಿಂದ ರಜೆ ಎಂದು ಫೋನಿನಲ್ಲಿ ಬರುತ್ತಿದೆ ಎಂದ. ಇಡ್ಲಿಗಳು ಬೆಳ್ಳಕ್ಕಿಗಳ ಹಾಗೆ ಸಾಲುಗಟ್ಟಿ ಹಾರಿದ್ದು ಪ್ರಭುದೇವನಿಗೆ ಈಗಲೂ ಕಣ್ಣಿಗೆ ಕಟ್ಟಿದಂತಿತ್ತು. ಬಹಳ ಚೆಂದದ ಕನಸು ಅದು. ಭೀಮರಾಜನಿಗೆ ಎಂಟಡಿಯ ಫ್ಲೆಕ್ಸ್ ಬೇಕಿತ್ತು: "ಮಂಗಳವಾರವೂ ತೆರೆದಿದೆ." ಯೋಚಿಸಿ, ಕೆಳಗೆ ಇನ್ನೊಂದು ಸಾಲು ಸೇರಿಸಿಸಿದ: "ಇಡ್ಲಿಗಳು ಇಲ್ಲೇ ಇರುತ್ತವೆ." ಪ್ರಿಂಟ್ ಆಗುವವರೆಗೂ ಇಲ್ಲೇ ಕೂರುತ್ತೇನೆಂದು ಸ್ಟೂಲು ಎಳೆದುಕೊಂಡ.

ಫ್ಲೆಕ್ಸ್ ಪ್ರಿಂಟಿಗೆ ಕಳಿಸಿ ಪ್ರಭುದೇವ ತನ್ನ ಬಾವಿಯ ಮುಂದೆ ಕೂತ. ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟ. ಒತ್ತಲಾಗಲಿಲ್ಲ. ಒಂಬೈನೂರು ಬೆಳಗು ಅವು. ಅವನ ಬದುಕಿನಲ್ಲಿ ಬೇರೆಯವರು ಹೇಳಿ ಮಾಡಿಸದೆ, ತನ್ನಷ್ಟಕ್ಕೆ ತಾನೇ ಆದದ್ದು ಅವು ಮಾತ್ರ. ಕಣ್ಣು ಒದ್ದೆಯಾಯಿತು. ಕೊನೆಗೆ ಅಳಿಸುವ ಬದಲು ಎಲ್ಲಕ್ಕಿಂತ ಮೇಲೆ ಒಂದು ಸೂಚನೆ ಹಾಕಿದ: "ವಿ.ಸೂ.: ಇಲ್ಲಿರುವುದೆಲ್ಲ ಕನಸು. ದಯವಿಟ್ಟು ಯಾರೂ ನಂಬಬಾರದಾಗಿ ವಿನಂತಿ."

ಹೆಸರು ಹಾಕಲಿಲ್ಲ. ಅಷ್ಟು ದಡ್ಡನಲ್ಲ ಅವನು. ಆದರೆ ಇಪ್ಪತ್ತು ವರ್ಷದ ಕೈಯಭ್ಯಾಸ ಕೇಳಬೇಕಲ್ಲ. ಯಾವ ಪತ್ರಿಕೆ ಮಾಡಿದರೂ ಕಟ್ಟಕಡೆಗೆ ಸಣ್ಣಕ್ಷರದಲ್ಲಿ ಬೀಳುವ ಸಾಲು, ಅವನ ಕಣ್ಣಿಗೂ ಕಾಣದಂತೆ ಬೆರಳಿಂದಲೇ ಬಿದ್ದುಬಿಟ್ಟಿತು: "ವಿನ್ಯಾಸ: ಪ್ರಭು ಗ್ರಾಫಿಕ್ಸ್, ಉಪ್ಪಾರಹಳ್ಳಿ, ತುಮಕೂರು."

ಎರಡು ಗಂಟೆಗೆ ಮಹಾಲಕ್ಷ್ಮಮ್ಮ ಮೆಟ್ಟಿಲು ಇಳಿದು ಬಂದರು. ಭೀಮರಾಜ್ ಇನ್ನೂ ಸ್ಟೂಲಿನ ಮೇಲಿದ್ದ. ಜಹೀರ್ ಅಂಗಿಗುಂಡಿ ತರಲು ಹೊರಟ ನೆಪದಲ್ಲಿ ಬಂದು ನಿಂತಿದ್ದ. ಅವರು ಫೋನನ್ನು ಮುಖದ ಮುಂದೆ ಹಿಡಿದು ಓದಿದರು: ಉಪ್ಪಾರಹಳ್ಳಿಯ ಪ್ರಭು ಗ್ರಾಫಿಕ್ಸ್‌ನವರು ಕನಸುಗಳನ್ನು ವಿನ್ಯಾಸ ಮಾಡಿಕೊಡುತ್ತಾರೆ. ತಾರಸಿಯ ಕೆರೆ, ಹಾರುವ ಇಡ್ಲಿ ಮುಂತಾದವು ಅವರ ಕೆಲಸಗಳು.

ಭೀಮರಾಜ್ ಎದ್ದು ನಿಂತ. ಪ್ರಭುದೇವ ಬೀಗದ ಕೈಯನ್ನು ತಾನೇ ತೆಗೆದು ಮೇಜಿನ ಮೇಲಿಟ್ಟು, ನಡೆದದ್ದನ್ನೆಲ್ಲ ಒಪ್ಪಿಕೊಂಡ. ಅಜ್ಜಿ, ಬಾವಿ, ರೂಪಶ್ರೀಯ ಒಗ್ಗರಣೆ, ಏನನ್ನೂ ಬಿಡಲಿಲ್ಲ. ಆದರೆ ಮಹಾಲಕ್ಷ್ಮಮ್ಮ ಬೀಗದ ಕೈಯನ್ನು ನೋಡುತ್ತಲೇ ಇರಲಿಲ್ಲ. ಅವರ ಬೆರಳು ಫೋನು ಕೊಟ್ಟ ಉತ್ತರದಲ್ಲಿ ಕೆಳಗೆ ಕೆಳಗೆ ಹೋಗುತ್ತಿತ್ತು. ಕೆರೆಯಲ್ಲಿ ಒಂದು ತೆಪ್ಪ, ತೆಪ್ಪದಲ್ಲಿ ಶಿವರಾಮಯ್ಯನವರು, ಬಿಳಿ ಬನಿಯನ್, ಕೈಯಲ್ಲಿ ರೇಡಿಯೋ, ಅವಳು ಬಿಪಿ ಮಾತ್ರೆ ತಗೊಂಡ್ಲಾ ಎಂದು ಕೇಳುತ್ತಾರೆ.

"ಅವ್ರು ಹಂಗೇ ಕೇಳ್ತಿದ್ರು," ಎಂದರು ಮಹಾಲಕ್ಷ್ಮಮ್ಮ. "ಮೂರು ವರ್ಷದಿಂದ ನನ್ನ ಕನಸಿಗೆ ಒಂದಿನ ಬರ್ಲಿಲ್ಲ. ನಿನ್ನ ಹತ್ರ ಬಂದು ತೆಪ್ಪದಲ್ಲಿ ಕೂತವ್ರೆ."

ಆಮೇಲೆ ಕಣ್ಣೊರೆಸಿಕೊಂಡು ತೀರ್ಪು ಕೊಟ್ಟರು. ಅಂಗಡಿ ಬಿಡಬೇಕಾಗಿಲ್ಲ. ಆದರೆ ಈಗಲೇ ಮಲಗಬೇಕು. ಯಜಮಾನರು ಬಂದರೆ ಮೂಲಪತ್ರ ಎಲ್ಲಿಟ್ಟಿದ್ದೀರಿ ಎಂದು ಕೇಳಬೇಕು. ಭೀಮರಾಜನೂ ಸಂದರ್ಭ ನೋಡಿಕೊಂಡು, ಹಾಗೇ ಮಂಗಳವಾರದ ಇಡ್ಲಿಗಳನ್ನು ವಾಪಸ್ ಕರೆಸಿಬಿಡಿ ಸ್ವಾಮಿ ಎಂದ.

ಮಹಾಲಕ್ಷ್ಮಮ್ಮ ಮೇಲಿಂದ ಚಾಪೆ, ದಿಂಬು ತಂದರು. ಜಹೀರ್ ಅರ್ಧ ಶಟರ್ ಎಳೆದು, ಹೊಲಿಗೆ ಮಷೀನಿನ ಶಬ್ದ ನಿಲ್ಲಿಸಿ ಬಂದ. ಮೂವರೂ ಹೊರಗೆ ಅರಳಿಮರದ ಕಟ್ಟೆಯ ಮೇಲೆ ಕೂತು, ಶಟರಿನ ಕೆಳಗಿಂದ ಅವನ ಪಾದಗಳನ್ನು ನೋಡುತ್ತಿದ್ದರು. ಹೆಬ್ಬೆರಳು ಅಲ್ಲಾಡಿದರೆ, ಇನ್ನೂ ಬಂದಿಲ್ಲ ನಿದ್ದೆ ಎಂದು ಭೀಮರಾಜ್ ವರದಿ ಕೊಡುತ್ತಿದ್ದ. ದಿನಾ ಮಧ್ಯಾಹ್ನ ಕರೆಯದೆ ಬರುತ್ತಿದ್ದ ನಿದ್ದೆ ಅವತ್ತು ಕಾಲು ಹಿಡಿದರೂ ಬರಲಿಲ್ಲ. ಪ್ರಭುದೇವ ಅಂಗಾತ ಮಲಗಿ ಅಟ್ಟದ ಮೇಲಿನ ರಟ್ಟಿನ ಡಬ್ಬಗಳನ್ನು ಎಣಿಸಿದ. ಯಾರೂ ತಗೊಂಡು ಹೋಗದ ಲಗ್ನಪತ್ರಿಕೆಗಳು, ಗಿರಾಕಿಗಳು ಮರೆತು ಹೋದ ಕಾಗದಗಳು. ಏಳು ಡಬ್ಬ. ಮತ್ತೆ ಎಣಿಸಿದ. ಏಳೇ.

ಮುಕ್ಕಾಲು ಗಂಟೆಯ ಮೇಲೆ ಸೋತು ಎದ್ದು ಹೊರಗೆ ಬಂದರೆ ಕಟ್ಟೆಯ ಮೇಲೆ ಜಹೀರ್ ಒಬ್ಬನೇ ಇದ್ದ. ಕಾದು ಕಾದು ಬೇಸತ್ತ ಮಹಾಲಕ್ಷ್ಮಮ್ಮ, ಪ್ರಭುದೇವನ ಕನಸಿನಲ್ಲಿ ನಮ್ಮ ಯಜಮಾನರು ಏನಂದರು ಎಂದು ಫೋನನ್ನೇ ಕೇಳಿದರಂತೆ. ಅದು ಒಂದು ಕ್ಷಣವೂ ತಡವರಿಸದೆ, ಪತ್ರವು ಹುಲಿಯೂರುದುರ್ಗದ ನಾದಿನಿ ಕಲ್ಲಮ್ಮನವರ ಟ್ರಂಕಿನಲ್ಲಿದೆ ಎಂದಿತಂತೆ. ಪ್ರಭುದೇವನಿಗೆ ಎಂದೋ ಬಿದ್ದಿದ್ದ ಕನಸೊಂದರಲ್ಲಿ ಕಲ್ಲಮ್ಮನ ಟ್ರಂಕಿನಿಂದ ಗಿಳಿಗಳು ಬಂದಿದ್ದವು. ಫೋನು ಅದನ್ನೇ ಎತ್ತಿ ಇದಕ್ಕೆ ಅಂಟಿಸಿತ್ತು. ಅಲ್ಲಿಗೆ ಹೋಗಲು ಮಹಾಲಕ್ಷ್ಮಮ್ಮ ಆಗಲೇ ಕುಣಿಗಲ್ ಬಸ್ಸು ಹತ್ತಿಯಾಗಿತ್ತು. ಇಡ್ಲಿಗಳು ವಾಪಸ್ ಬಂದಿವೆ ಎಂದು ಫೋನು ಹೇಳಿದ್ದರಿಂದ ಭೀಮರಾಜನೂ ಫ್ಲೆಕ್ಸ್ ಬಿಟ್ಟು ಗುಬ್ಬಿಗೆ ಹೊರಟಿದ್ದ.

"ನಾನು ಮಲಗ್ಲೇ ಇಲ್ಲ ಸಾಬ್ರೇ," ಎಂದ ಪ್ರಭುದೇವ.

"ಆ ಫೋನಿಗೆ ನೀನು ಮಲಗೋದೇ ಬೇಡ ಪ್ರಭಣ್ಣ," ಎಂದು ಜಹೀರ್ ಎದ್ದು ಹೋದ.

ಐದೂಕಾಲಿಗೆ ಹುಲಿಯೂರುದುರ್ಗದಿಂದ ಫೋನು ಬಂತು. ಟ್ರಂಕಿನಲ್ಲಿ ಹಳೇ ಸೀರೆ ಬಿಟ್ಟು ಏನೂ ಇರಲಿಲ್ಲ. ಕಳ್ಳಿ ಅಂದುಕೊಂಡೆಯಾ ನನ್ನ ಎಂದು ಕಲ್ಲಮ್ಮ ಬೀದಿಯ ಜನರನ್ನೆಲ್ಲ ಸೇರಿಸಿದ್ದಳು. ಕಂಡ ಕನಸಿಗೆಲ್ಲ ಕ್ಷಮಿಸಿದೆ, ಈ ಸುಳ್ಳು ಕನಸಿಗೆ ಮಾತ್ರ ಕ್ಷಮೆ ಇಲ್ಲ, ನಾಳೆಯೇ ಅಂಗಡಿ ಖಾಲಿ ಮಾಡು ಎಂದು ಮಹಾಲಕ್ಷ್ಮಮ್ಮ ಲೈನು ಕಡಿದರು.

ಪ್ರಭುದೇವ ಚಾಪೆಯ ಮೇಲೆ ಕುಸಿದ. ಕಾಣದ ಕನಸಿಗೆ ಶಿಕ್ಷೆ. ದುಃಖಕ್ಕೋ, ಆಯಾಸಕ್ಕೋ, ಅರಳಿಯೆಲೆಗಳ ಸದ್ದಿಗೋ, ಕಣ್ಣು ತಾನಾಗಿ ಮುಚ್ಚಿಕೊಂಡಿತು. ತಾರಸಿಯ ಕೆರೆ ಮೆಲ್ಲಗೆ ಮೆಟ್ಟಿಲಿಳಿದು ಅಂಗಡಿಯ ಒಳಗೆ ಬಂತು. ಏಳೂ ಡಬ್ಬಗಳು ಅದರ ಮೇಲೆ ತೇಲಿದವು. ತೆಪ್ಪದಲ್ಲಿ ಶಿವರಾಮಯ್ಯನವರು ಚಂದ್ರನ ಕೋಟು ಹಾಕಿಕೊಂಡು ಬಂದರು. "ಜೆರಾಕ್ಸಿಗೆ ಅಂತ ಕೊಟ್ಟಿದ್ನಲ್ಲೋ ಪ್ರಭು," ಎಂದರು. "ಇಸ್ಕೊಳಾಕೆ ಬರೋಷ್ಟ್ರಲ್ಲಿ ನಾನೇ ಹೊರಟ್‌ಹೋದೆ. ಐದನೇ ಡಬ್ಬ ನೋಡು."

ಎಚ್ಚರವಾದಾಗ ಆರು ಗಂಟೆ. ಎದೆ ಹುಡುಗನ ಎದೆಯಂತೆ ಹಗುರವಾಗಿತ್ತು. ಪ್ರಭುದೇವ ಬೇರೆ ಯೋಚನೆಯೇ ಇಲ್ಲದೆ ಕಂಪ್ಯೂಟರಿಗೆ ಹೋಗಿ, ಪೂರ್ತಿ ಹೆಸರು, ಊರು, ಅಟ್ಟ, ಡಬ್ಬದ ನಂಬರು ಸಮೇತ ಎಲ್ಲವನ್ನೂ ಬಾವಿಗೆ ಹೇಳಿದ. ಮೂಲೆಯಲ್ಲಿ, ಇವತ್ತು ಬಂದವರು ಒಬ್ಬರು ಎಂದು ತೋರಿಸುತ್ತಿತ್ತು. ಆ ಒಬ್ಬ ಅವನೇ. ಆಮೇಲೆ ಸ್ಟೂಲು ಹತ್ತಿ ಐದನೇ ಡಬ್ಬಕ್ಕೆ ಕೈ ಹಾಕಿದ. ಯಾರದೋ ಮದುವೆಯ ಪತ್ರಿಕೆಗಳ ಅಡಿಯಲ್ಲಿ ಹಸಿರು ಫೈಲು. ಒಳಗೆ ಶಿವರಾಮಯ್ಯನವರ ಮನೆಯ ಮೂಲಪತ್ರ.

ಅಂಗಡಿ ಉಳಿಯಿತು ಎಂದು ಅವನು ಸ್ಟೂಲಿನ ಮೇಲೆಯೇ ನಕ್ಕ. ನಗು ಅರ್ಧಕ್ಕೇ ನಿಂತಿತು. ಮೂರು ವರ್ಷ ಆಯಮ್ಮ ಬಿಸಿಲಲ್ಲಿ ಅಲೆದಾಗಲೆಲ್ಲ ಇದು ಇಲ್ಲೇ, ತನ್ನ ತಲೆಯ ಮೇಲೆಯೇ ಇತ್ತು. ಸರಿ, ಬಾಯಿ ಬಿಡುವುದು ಬೇಡ, ಅವರು ಬರುವ ಮೊದಲು ಮೇಲೆ ಹೋಗಿ ಅವರ ಬಾಗಿಲ ಸಂದಿಯಿಂದ ಜಾರಿಸಿಬಿಟ್ಟರಾಯಿತು. ಯಾರಿಗೂ ಗೊತ್ತಾಗುವುದಿಲ್ಲ. ಅವನು ಫೈಲನ್ನು ಅಂಗಿಯೊಳಗೆ ತುರುಕಿಕೊಂಡ.

ಫೋನು ಹೊಡೆದುಕೊಂಡಿತು. ಮಹಾಲಕ್ಷ್ಮಮ್ಮ. ಹಿಂದೆ ಕುಣಿಗಲ್ ಬಸ್ ಸ್ಟ್ಯಾಂಡಿನ ಗದ್ದಲ. ತುಮಕೂರಿನ ಬಸ್ಸಿಗೆ ಕಾಯುತ್ತಾ, ಹೊತ್ತು ಹೋಗದೆ, ಅವರು ಪತ್ರ ಎಲ್ಲಿದೆ ಎಂದು ಫೋನನ್ನು ಇನ್ನೊಂದು ಸಲ ಕೇಳಿದ್ದರು.

"ಪ್ರಭು," ಎಂದರು, ಬಹಳ ಮೆಲ್ಲಗೆ. "ಆ ಐದನೇ ಡಬ್ಬ ಮುಟ್‌ಬೇಡ. ಬರ್ತಾ ಇದೀನಿ."