ವಿಚಾರಣೆಯವರ ಅರ್ಧ ಗಂಟೆ

ಭಾವಮೈದುನ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಮುಂದೆ ಬಂದು ನಿಂತು, ಮುಖವೆಲ್ಲ ಅರಳಿಸಿಕೊಂಡು, "ಹೇಗಿದ್ದೀರಿ ಭಾವ?" ಎಂದು ಕೇಳಿದ.

"ನಾಲ್ಕನೇ ಪ್ಲಾಟ್‌ಫಾರಂ, ಹತ್ತೂವರೆಗೆ. ಮುಂದಿನವರು ಬನ್ನಿ," ಎಂದರು ಕಿಟಕಿಯ ಒಳಗಿನಿಂದ ಭಾವ.

ತೊಂದರೆಯೆಲ್ಲ ಶುರುವಾದದ್ದು ಇಲ್ಲಿಂದ. ಭಾವಮೈದುನ ಎಷ್ಟು ಕಕ್ಕಾಬಿಕ್ಕಿಯಾದನೆಂದರೆ, ಸೀದಾ ನಾಲ್ಕನೇ ಪ್ಲಾಟ್‌ಫಾರಂಗೆ ಹೋಗಿ ಹತ್ತೂವರೆಯವರೆಗೂ ನಿಂತುಕೊಂಡು, ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟ ಮೇಲೆ ಎಚ್ಚರವಾಗಿ, ಇಳಿದು ಬಂದು ಅಕ್ಕನಿಗೆ ಫೋನು ಮಾಡಿದ.

ಅಕ್ಕ, ಅಂದರೆ ವಿಚಾರಣೆಯವರ ಹೆಂಡತಿ, ಅವತ್ತೇ ಸಂಜೆ ಗಂಡನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು.

ಇಪ್ಪತ್ತೆರಡು ವರ್ಷದಿಂದ ಅದೇ ಕಿಟಕಿಯ ಹಿಂದೆ ಕೂತು ಕೂತು ಅವರಿಗೆ 'ವಿಚಾರಣೆಯವರು' ಅಂತಲೇ ಹೆಸರಾಗಿತ್ತು. ದಿನಕ್ಕೆ ಏನಿಲ್ಲವೆಂದರೂ ಎಂಟುನೂರು ಪ್ರಶ್ನೆ. ಎಷ್ಟು ಹೊತ್ತಿಗೆ, ಎಲ್ಲಿಂದ, ಯಾವಾಗ, ಯಾಕೆ ಇನ್ನೂ ಬಂದಿಲ್ಲ. ಎಲ್ಲಕ್ಕೂ ಉತ್ತರ ನಾಲಿಗೆಯ ತುದಿಯಲ್ಲೇ. ಈಚೀಚೆಗೆ ನಿದ್ದೆಯಲ್ಲೂ ಬಸ್ಸುಗಳ ಹೊತ್ತು ಹೇಳುತ್ತಿದ್ದರು. ಹೆಂಡತಿ ಒಮ್ಮೆ ಪರೀಕ್ಷಿಸಿ ನೋಡಿದ್ದಳು, ಒಂದೂ ತಪ್ಪಿರಲಿಲ್ಲ.

ಡಾಕ್ಟರು ಬಿ.ಪಿ. ನೋಡಿದರು. ಇನ್ನೊಂದು ಸಲ ನೋಡಿದರು. ಆಮೇಲೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, "ಹೇಗಿದ್ದೀರಿ?" ಎಂದು ಕೇಳಿದರು.

ವಿಚಾರಣೆಯವರು ಬಾಯಿ ತೆರೆದರು. ಏನೂ ಬರಲಿಲ್ಲ. ಮುಚ್ಚಿದರು.

"ಚೆನ್ನಾಗಿಲ್ಲ ಡಾಕ್ಟ್ರೇ," ಎಂದಳು ಹೆಂಡತಿ.

"ನಿಮ್ಮನ್ನ ಕೇಳಿದ್ದಲ್ಲಮ್ಮ."

"ಅವರಿಗೆ ಗೊತ್ತಿಲ್ವಲ್ಲ, ಅದಕ್ಕೇ ನಾನು ಹೇಳ್ತಿದ್ದೀನಿ."

ಡಾಕ್ಟರು ನಿಟ್ಟುಸಿರು ಬಿಟ್ಟರು. "ನೋಡಿ, ಮಾತ್ರೆ ಬರ್ಕೊಡ್ತೀನಿ. ಆದ್ರೆ ಮಾತ್ರೆಗಿಂತ ಮುಖ್ಯವಾದ ಕೆಲಸ ಒಂದಿದೆ. ಹೀಗೇ ಓಡ್ತಾ ಇದ್ರೆ ಇನ್ನೆರಡು ವರ್ಷದಲ್ಲಿ ಆಸ್ಪತ್ರೆ ಮಂಚ ಹಿಡೀತೀರಿ. ನಾಳೆ ರಜಾ ಹಾಕಿ. ಅರ್ಧ ಗಂಟೆ ಒಬ್ಬರೇ ಕೂತ್ಕೊಳ್ಳಿ. ಫೋನು ಬೇಡ, ಪೇಪರು ಬೇಡ, ಟೀವಿ ಬೇಡ. ನಾನು ಹೇಗಿದ್ದೀನಿ ಅಂತ ನಿಮ್ಮನ್ನ ನೀವೇ ಕೇಳ್ಕೊಳ್ಳಿ. ಬಂದ ಉತ್ತರ ಒಂದು ಚೀಟಿ ಮೇಲೆ ಬರೀರಿ. ಅಷ್ಟೇ."

ಮನೆಗೆ ಬರುವ ದಾರಿಯುದ್ದಕ್ಕೂ ವಿಚಾರಣೆಯವರಿಗೆ ಒಂಥರಾ ಕುತೂಹಲ. ತನಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಯೂ ಒಂದಿದೆಯಲ್ಲ! ಅದೂ ತನ್ನ ಬಗ್ಗೆಯೇ! ಹೊಸ ಮಾರ್ಗದಲ್ಲಿ ಬಸ್ಸು ಬಿಟ್ಟಾಗ ಅದು ಎಲ್ಲೆಲ್ಲಿ ನಿಲ್ಲುತ್ತದೆ ಅಂತ ತಿಳಿಯಲು ಆಗುವ ಆತುರವೇ ಈಗಲೂ ಆಯಿತು.

ಮರುದಿನ ಬೆಳಗ್ಗೆ ಒಂಬತ್ತಕ್ಕೆ ಅವರು ಚೀಟಿ, ಪೆನ್ನು ಹಿಡಿದು ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಚೀಟಿಯ ತುದಿಯಲ್ಲಿ, ಕಚೇರಿಯ ಅಭ್ಯಾಸದಂತೆ, 'ಪ್ರಶ್ನೆ: ಹೇಗಿದ್ದೀಯ?' ಎಂದು ಬರೆದು ಕೆಳಗೆ 'ಉತ್ತರ:' ಎಂದು ಹಾಕಿ ಕಣ್ಣು ಮುಚ್ಚಿದರು.

ಐದು ನಿಮಿಷಕ್ಕೆ ಬಾಗಿಲು ಎರಡು ಬೆರಳಷ್ಟು ತೆರೆಯಿತು.

"ಬಂತಾ?" ಎಂದು ಪಿಸುಗುಟ್ಟಿದಳು ಹೆಂಡತಿ.

"ಏನು?"

"ಉತ್ತರ."

"ಇನ್ನೂ ಇಲ್ಲ ಕಣೆ."

ಬಾಗಿಲು ಮುಚ್ಚಿತು. ಮತ್ತೆ ಮೂರು ನಿಮಿಷಕ್ಕೆ ತೆರೆಯಿತು. "ಅಲ್ಲ, ನನ್ನ ಬಗ್ಗೆ ಏನಾದ್ರೂ ಬಂದ್ರೆ ಮೊದಲು ನನಗೆ ಹೇಳಿ. ಡಾಕ್ಟರ ಮುಂದೆ ಮಾನ ತೆಗೀಬೇಡಿ."

ಅಷ್ಟರಲ್ಲಿ ಕರೆಗಂಟೆ. ಎದುರುಮನೆಯ ನಿವೃತ್ತ ಹೆಡ್‌ಮಾಸ್ಟರು. ಪಕ್ಕದವರ ಮನೆಯಲ್ಲಿ ಲೋಟ ಬಿದ್ದರೂ ಅದು ಸ್ಟೀಲಿನದೋ ಗಾಜಿನದೋ ಎಂದು ವಿಚಾರಿಸದೆ ಅವರಿಗೆ ತಿಂಡಿ ಇಳಿಯುವುದಿಲ್ಲ. "ವಿಚಾರಣೆಯವರ ಚಪ್ಪಲಿ ಬಾಗಿಲಲ್ಲೇ ಇದೆಯಲ್ಲಮ್ಮ! ಮಂಗಳವಾರ ಅಲ್ವಾ ಇವತ್ತು? ಹುಷಾರಿಲ್ವಾ? ರಜವಾ? ಯಾವ ಥರದ ರಜ?"

ವಿಚಾರಣೆಯವರು ಫೋನನ್ನು ಮಂಚದ ಮೇಲೇ ಬಿಟ್ಟು, ಚೀಟಿಯನ್ನು ಜೇಬಿಗಿಳಿಸಿ, ಅಡುಗೆಮನೆಯ ಕಡೆಯ ಬಾಗಿಲಿನಿಂದ ಬೆಕ್ಕಿನ ಹಾಗೆ ಜಾರಿಕೊಂಡು ಕಟ್ಟಡದ ತಾರಸಿ ಹತ್ತಿದರು.

ತಾರಸಿಯ ಮೇಲೆ ನೀರಿನ ಟ್ಯಾಂಕು, ನಾಲ್ಕು ಹಗ್ಗ, ಎಳೆಬಿಸಿಲು. ಅವರು ಟ್ಯಾಂಕಿನ ನೆರಳಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಗಂಟಲು ಸರಿಮಾಡಿಕೊಂಡು, "ಹೇಗಿದ್ದೀಯ?" ಎಂದು ತಮ್ಮನ್ನೇ ಕೇಳಿಕೊಂಡರು.

"ಯಾರ ಜೊತೆ ಮಾತಾಡ್ತಿದ್ದೀರಿ?" ಎಂದಿತು ಒಂದು ಒದ್ದೆ ಬೆಡ್‌ಶೀಟು.

ಬೆಡ್‌ಶೀಟಿನ ಹಿಂದಿನಿಂದ ಕೆಳಮನೆಯ ಟೈಲರಮ್ಮನ ಮುಖ ಹೊರಬಂತು. ಬಾಯಲ್ಲಿ ಬಟ್ಟೆ ಕ್ಲಿಪ್ಪು ಕಚ್ಚಿಕೊಂಡೂ ಸ್ಪಷ್ಟವಾಗಿ ಮಾತಾಡಬಲ್ಲ ಹೆಂಗಸು ಆಕೆ.

"ಯಾರ ಜೊತೆಯೂ ಇಲ್ಲಮ್ಮ. ನನ್ನ ವಿಚಾರಣೆ ನಾನೇ ಮಾಡ್ಕೋತಿದ್ದೀನಿ."

ಟೈಲರಮ್ಮನ ಬಾಯಿಂದ ಕ್ಲಿಪ್ಪು ಉದುರಿತು. "ಅಯ್ಯೋ, ನಿಮ್ಮ ಮೇಲೆ ವಿಚಾರಣೆಯಾ!" ಎಂದವಳೇ, ಅರ್ಧ ಹಿಂಡಿದ ಬಟ್ಟೆಯ ಬಕೆಟ್ಟನ್ನು ಅಲ್ಲೇ ಬಿಟ್ಟು ದಡದಡನೆ ಇಳಿದು ಹೋದಳು.

ಸುದ್ದಿ ಮೆಟ್ಟಿಲ ಮೇಲೆ ಬಿಟ್ಟ ಚೆಂಡಿನ ಹಾಗೆ ಪ್ರತಿ ಮಹಡಿಯಲ್ಲೂ ಪುಟಿದು ಎತ್ತರವಾಗುತ್ತ ಹೋಯಿತು. ಮೂರನೇ ಮಹಡಿಯಲ್ಲಿ ಅದು 'ವಿಚಾರಣೆ ನಡೀತಿದೆಯಂತೆ' ಎಂದಿತ್ತು. ಎರಡನೇ ಮಹಡಿಯಲ್ಲಿ 'ಸಸ್ಪೆಂಡ್ ಆಗಿದೆಯಂತೆ'. ಹೆಡ್‌ಮಾಸ್ಟರ ಕಿವಿ ಮುಟ್ಟುವ ಹೊತ್ತಿಗೆ 'ಕೆಲಸ ಹೋಗಿ ತಲೆ ಕೆಟ್ಟು ಟ್ಯಾಂಕಿನ ಹತ್ತಿರ ಒಬ್ಬರೇ ಮಾತಾಡ್ತಿದ್ದಾರಂತೆ'. ಹೆಡ್‌ಮಾಸ್ಟರು ತಡಮಾಡದೆ ನಿಲ್ದಾಣದ ಕಂಟ್ರೋಲರಿಗೆ ಫೋನು ಹಚ್ಚಿದರು. ಬಸ್ಸುಗಳನ್ನೂ ಅವುಗಳ ಜನರನ್ನೂ ನೋಡಿಕೊಳ್ಳುವ ಆ ಮೇಲಧಿಕಾರಿಗೆ ತನ್ನ ಕೈಕೆಳಗಿನವನ ಮೇಲೆ ತನಗೇ ತಿಳಿಯದೆ ವಿಚಾರಣೆ ನಡೆಯುತ್ತಿದೆ ಎಂದು ಕೇಳಿ ಗಾಬರಿಯಾಯಿತು. ಅವರೂ ಹೊರಟರು.

ಇತ್ತ ವಿಚಾರಣೆಯವರು ಆಗಲೇ ಹಿಂದಿನ ಮೆಟ್ಟಿಲಿಳಿದು ಹತ್ತಿರದ ಉದ್ಯಾನ ಸೇರಿದ್ದರು.

ಉದ್ಯಾನದಲ್ಲಿ ಆಳೆತ್ತರದ ಗಿಡದ ಬೇಲಿಯ ಹಿಂದೆ ಒಂದು ಬೆಂಚು. ಬೇಲಿಯಲ್ಲಿ ಮುಖದಷ್ಟಗಲದ ಕಿಂಡಿ. ಅಲ್ಲಿ ಕೂತಾಗ ಬೆನ್ನು ತಾನೇ ನೆಟ್ಟಗಾಯಿತು, ಕೈ ತಾನೇ ಮುಂದಕ್ಕೆ ಬಂತು. ಎರಡು ನಿಮಿಷವಾಗಿರಲಿಲ್ಲ, ಕಿಂಡಿಯಲ್ಲೊಂದು ಕನ್ನಡಕ ಕಾಣಿಸಿತು.

"ಸ್ವಾಮಿ, ನೀವು ಬಸ್ ಸ್ಟ್ಯಾಂಡಿನವರಲ್ವಾ? ಮಧ್ಯಾಹ್ನದ ಎಕ್ಸ್‌ಪ್ರೆಸ್ಸು ಈಗಲೂ ಇದೆಯಾ?"

"ಒಂದೂ ಹತ್ತಕ್ಕೆ, ಎರಡನೇ ಪ್ಲಾಟ್‌ಫಾರಂ," ಎಂದುಬಿಟ್ಟರು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು. ತಡವಾಗಿತ್ತು. ಕನ್ನಡಕದ ಹಿಂದೆ ಚೀಲ ಹಿಡಿದ ಹೆಂಗಸು ನಿಂತಿದ್ದಳು. ಅವಳ ಹಿಂದೆ ಇನ್ನೊಬ್ಬ. ಅವನ ಹಿಂದೆ, ಸಾಲು ಇದೆಯಲ್ಲ ಏನೋ ಸಿಗಬಹುದು ಅಂತ, ಬೆಳಗಿನ ನಡಿಗೆಗೆ ಬಂದ ನಾಲ್ಕು ಜನ. ಕೊನೆಯವನು ಮುಂದಿನವನನ್ನು ಕೇಳುತ್ತಿದ್ದ: "ಏನು ಕೊಡ್ತಿದ್ದಾರೆ?"

ವಿಚಾರಣೆಯವರು ಬಗ್ಗಿಕೊಂಡೇ ಓಡಿದರು.

ಉದ್ಯಾನದ ಹಿಂತುದಿಯಲ್ಲಿ ತೋಟದ ಮಾಲಿ ಸಲಿಕೆ, ಗುದ್ದಲಿ ಇಡುವ ಸಣ್ಣ ಕೋಣೆ. ಅದರ ಹಿಂದೆ ಗೋಡೆ. ಎರಡರ ನಡುವೆ ಒಬ್ಬ ಮನುಷ್ಯ ಕೂರುವಷ್ಟು ಜಾಗ, ಬೋರಲು ಹಾಕಿದ ಒಂದು ದೊಡ್ಡ ಹೂಕುಂಡ. ಅವರು ಕುಂಡದ ಮೇಲೆ ಕೂತು ಕಾದರು. ಯಾರೂ ಬರಲಿಲ್ಲ. ಮತ್ತೂ ಕಾದರು. ಆಗಲೂ ಯಾರೂ ಬರಲಿಲ್ಲ.

ಮೊದಲು ಬಸ್ಸುಗಳು ಬಂದವು. ತಲೆಯೊಳಗೆ ಒಂದಾದ ಮೇಲೊಂದು, ಹಾರನ್ನು ಹೊಡೆಯುತ್ತ. ಅವರು ತಡೆಯಲು ಹೋಗಲಿಲ್ಲ. ಒಂದೊಂದಾಗಿ ತಾವೇ ಹೋದವು. ಕೊನೆಯದೂ ಹೋದ ಮೇಲೆ ಒಂದು ವಿಚಿತ್ರ ಸದ್ದು ಕೇಳಿಸಿತು. ಏನದು ಎಂದು ಕಿವಿಗೊಟ್ಟರೆ, ತಮ್ಮದೇ ಉಸಿರು. ಇಷ್ಟು ವರ್ಷ ಇದು ಎಲ್ಲಿತ್ತು? ಮೂಗಿನಲ್ಲಿ ತಣ್ಣಗೆ ಹೋಗಿ ಬೆಚ್ಚಗೆ ಬರುತ್ತಿದೆಯಲ್ಲ!

ಕುತೂಹಲ ಹೆಚ್ಚಿತು. ಹೊಸ ಊರಿಗೆ ಬಂದಿಳಿದವನ ಹಾಗೆ ಅವರು ತಮ್ಮ ಮೈಯೊಳಗೆ ಸುತ್ತಾಡತೊಡಗಿದರು. ಎಡಭುಜ ಕಿವಿಯ ಹತ್ತಿರ ಹೋಗಿ ಕೂತಿರುವುದು ಗೊತ್ತಾಯಿತು. ಯಾಕಪ್ಪಾ ಅಲ್ಲಿ ಎಂದುಕೊಂಡು ಬಿಟ್ಟರೆ ಅದು ಕೆಳಗಿಳಿಯಿತು. ಇಳಿಯುವಾಗ ಎಷ್ಟು ಹಿತವೆಂದರೆ ಕಣ್ಣಲ್ಲಿ ನೀರೇ ಬಂತು. ಹಲ್ಲು ಕಚ್ಚಿಕೊಂಡಿದ್ದವು, ಬಿಡಿಸಿದರು. ಹಸಿವಾಗಿತ್ತು. ಊಟದ ಹೊತ್ತಾಯಿತು ಅಂತ ಉಣ್ಣುವುದು ಗೊತ್ತಿತ್ತೇ ಹೊರತು, ಹಸಿವು ಅಂದರೆ ಹೊಟ್ಟೆ ಇಷ್ಟು ಮೆತ್ತಗೆ ಕರೆಯುವುದು ಎಂದು ಮರೆತೇ ಹೋಗಿತ್ತು.

"ಹೇಗಿದ್ದೀಯ?" ಎಂದು ಮೆಲ್ಲನೆ ಕೇಳಿಕೊಂಡರು.

ಈ ಸಲ ಒಳಗಿನಿಂದ ಏನೋ ಬಂತು. ಅವರು ಅವಸರವಾಗಿ ಚೀಟಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. 'ಇಲ್ಲಿ ಯಾರೂ ಇಲ್ಲ. ಎಂಥ ಸುಖ!' ಎಂದು ಬರೆಯಬೇಕೆಂದಿತ್ತು. ಆದರೆ ಅಳೆದು ಉತ್ತರ ಕೊಡುವುದು ಅಭ್ಯಾಸವಲ್ಲವೇ, 'ಇಲ್ಲಿ' ಬೇಡವೆಂದು ಬಿಟ್ಟು 'ಯಾರೂ ಇಲ್ಲ' ಎಂದು ಬರೆದರು. 'ಎಂಥ' ಎನ್ನಲು ಪೆನ್ನೂರಿದರು.

"ಇಲ್ಲಿದ್ದಾರೆ! ಸಿಕ್ಕಿದ್ರು!" ಎಂದು ಕೂಗಿದರು ಹೆಡ್‌ಮಾಸ್ಟರು.

ಕೋಣೆಯ ಎರಡೂ ಪಕ್ಕದಿಂದ ಜನ ನುಗ್ಗಿದರು. ಹೆಂಡತಿ, ಟೈಲರಮ್ಮ, ಏದುಸಿರು ಬಿಡುತ್ತಿದ್ದ ಕಂಟ್ರೋಲರು, ಬೇಲಿಯ ಹತ್ತಿರ ಸಾಲು ನಿಂತಿದ್ದು ಈಗ ದಾರಿ ತೋರಿಸಿದ ಕನ್ನಡಕದವರು ಕೂಡ.

"ಫೋನು ಮನೇಲಿ ಬಿಟ್ಟು ಯಾಕ್ರೀ ಬಂದ್ರಿ? ನನ್ನ ಜೀವ ಹೋಗಿತ್ತು!" ಹೆಂಡತಿಯ ಕಣ್ಣಲ್ಲಿ ನೀರು.

"ಏನೂ ಆಗಿಲ್ಲ ಕಣೆ, ಚೆನ್ನಾಗಿದ್ದೀನಿ..."

"ವಿಚಾರಣೆಯೂ ಇಲ್ಲ, ಸಸ್ಪೆನ್ಷನ್ನೂ ಇಲ್ಲ ಮಾರಾಯ್ರೆ. ನಾನಿದ್ದೀನಲ್ಲ!" ಎಂದು ಕಂಟ್ರೋಲರು ಅವರ ಬೆನ್ನು ತಟ್ಟಿದರು. ತಟ್ಟಿದ ಹೊಡೆತಕ್ಕೆ ಚೀಟಿ ನೆಲಕ್ಕೆ ಬಿತ್ತು. ಹೆಡ್‌ಮಾಸ್ಟರು ಎತ್ತಿಕೊಂಡರು. ನಲವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ಕೈ; ಬರೆದದ್ದು ಕಂಡರೆ ಓದದೆ ಬಿಡದು. ದೊಡ್ಡ ದನಿಯಲ್ಲಿ ಓದಿದರು.

"ಪ್ರಶ್ನೆ: ಹೇಗಿದ್ದೀಯ? ಉತ್ತರ: ಯಾರೂ ಇಲ್ಲ."

ಟೈಲರಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು. "ಪಾಪ, ಕೇಳೋರು ಯಾರೂ ಇಲ್ಲ ಅಂತ ತಾವೇ ಕೇಳ್ಕೊಂಡಿದ್ದಾರೆ."

"ಅದು ಪೂರ್ತಿಯಾಗಿಲ್ಲ..." ಎಂದರು ವಿಚಾರಣೆಯವರು.

"ಪೂರ್ತಿ ಹೇಳೋದೇ ಬೇಡ. ಅರ್ಥವಾಯ್ತು," ಎಂದರು ಹೆಡ್‌ಮಾಸ್ಟರು. "ಇಪ್ಪತ್ತೆರಡು ವರ್ಷ ಊರಿಗೆಲ್ಲ ಉತ್ತರ ಹೇಳಿದ ಮನುಷ್ಯನನ್ನ ನಾವು ಒಂಟಿ ಮಾಡಿಬಿಟ್ವಿ. ತಪ್ಪು ನಮ್ಮದು. ಸರಿಪಡಿಸೋಣ."

"ಅಲ್ಲ ಸಾರ್, ಡಾಕ್ಟರೇ ಹೇಳಿದ್ದು, ಒಬ್ಬನೇ ಕೂರು ಅಂತ..."

"ಒಬ್ಬರೇ ಕೂತಿದ್ದಕ್ಕೇ ಹೀಗಾಗಿದ್ದು!" ಎಂದರು ಕಂಟ್ರೋಲರು. ಇದಕ್ಕೆ ಕನ್ನಡಕದವರೂ ತಲೆಯಾಡಿಸಿದರು.

ಮದುವೆ ದಿಬ್ಬಣದ ಹಾಗೆ ಅವರನ್ನು ನಡುವೆ ಇಟ್ಟುಕೊಂಡು ಮನೆಗೆ ಕರೆತಂದರು. ಹೆಡ್‌ಮಾಸ್ಟರು ಟೈಮ್‌ಟೇಬಲ್ ಹಾಕದೆ ಎಂಟು ವರ್ಷವಾಗಿತ್ತು. ಸ್ಕೇಲು ಕೈಗೆ ಬಂದದ್ದೇ ಮುಖಕ್ಕೆ ಕಳೆ ಬಂತು. ಮಧ್ಯಾಹ್ನ ಮೂರಕ್ಕೆಲ್ಲ, ಕೆಂಪು ನೀಲಿ ಗೆರೆ ಎಳೆದ ದೊಡ್ಡ ಹಾಳೆಯೊಂದು ವಿಚಾರಣೆಯವರ ಬಾಗಿಲ ಒಳಗಡೆ ಅಂಟಿತ್ತು.

ಬೆಳಗ್ಗೆ ಆರರಿಂದ ಏಳು: ಹೆಡ್‌ಮಾಸ್ಟರೊಂದಿಗೆ ನಡಿಗೆ. ಏಳರಿಂದ ಒಂಬತ್ತು: ಹೆಂಡತಿ, ಮಾತುಕತೆ ಕಡ್ಡಾಯ. ಕಚೇರಿಯ ಹೊತ್ತಿಗೆ ಕಂಟ್ರೋಲರು ಕಿಟಕಿಯ ಹಿಂದೆ ಇನ್ನೊಂದು ಕುರ್ಚಿ ಹಾಕಿಸುವುದಾಗಿ ಒಪ್ಪಿಕೊಂಡಿದ್ದರು. ಅದರಲ್ಲಿ ಕೂತು ಗಂಟೆಗೊಮ್ಮೆ 'ಹೇಗಿದ್ದೀರಿ' ಎನ್ನಲು, ಕೆಲಸವಿಲ್ಲದ ಕಂಡಕ್ಟರುಗಳು ಸರದಿಯ ಮೇಲೆ. ಊಟದ ಬಿಡುವಿಗೆ ಕನ್ನಡಕದವರು. ಅವರಿಗೆ ಹೇಗೂ ಬಸ್ಸುಗಳ ಬಗ್ಗೆ ಕೇಳುವುದು ಬಹಳ ಇತ್ತಂತೆ. ಸಂಜೆ ಆರರಿಂದ ಟೈಲರಮ್ಮ, ಹೊಲಿಗೆ ಮಿಷನ್ನು ಸಮೇತ.

ವಿಚಾರಣೆಯವರು ಹಾಳೆಯ ಮುಂದೆ ನಿಂತರು. ಅಂಕಣ ಬಿಟ್ಟು ಅಂಕಣಕ್ಕೆ, ಸಾಲು ಬಿಟ್ಟು ಸಾಲಿಗೆ ಕಣ್ಣು ಓಡಿಸಿದರು. ಟೈಮ್‌ಟೇಬಲ್ಲಿನಲ್ಲಿ ಸಂದು ಹುಡುಕುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಒಂದು ಸಿಕ್ಕಿತು. ಸಂಜೆ ಐದೂವರೆಯಿಂದ ಆರು. ಆ ಚೌಕ ಖಾಲಿ. ಬೆಳ್ಳಗೆ, ನುಣ್ಣಗೆ, ಪೂರಾ ಅರ್ಧ ಗಂಟೆ.

ಆಸೆ ದನಿಯಲ್ಲಿ ಕಾಣದ ಹಾಗೆ, ಸುಮ್ಮನೆ ತಿಳಿದುಕೊಳ್ಳುವವರಂತೆ, ಆ ಚೌಕದ ಮೇಲೆ ಬೆರಳಿಟ್ಟು ಕೇಳಿದರು: "ಇಲ್ಲಿ ಯಾರ ಹೆಸರೂ ಇಲ್ವಲ್ಲ ಸಾರ್?"

"ಅದಾ?" ಎಂದರು ಹೆಡ್‌ಮಾಸ್ಟರು ಪೆನ್ನಿನ ಮುಚ್ಚಳ ಹಾಕುತ್ತ. "ಅಷ್ಟು ಸಣ್ಣ ಚೌಕದಲ್ಲಿ ಎಲ್ಲರ ಹೆಸರು ಹಿಡಿಸಲಿಲ್ಲ. ಆಗ ಎಲ್ಲರೂ ಬರ್ತೀವಿ."